ನಮ್ಮ ಪಾತ್ರಗಳಿಗೆ ನೀವು ಕೊಡ್ತಾ ಇರೋದು ಯಾವ ಶಕ್ತಿ?

ಪೋಸ್ಟ್ ಉದ್ದ ಇದೆ, ಟೀ ಇಟ್ಕೊಂಡು ಕೂತು ಓದಿ. ಅರ್ಧ ಓದಿ ಕಾಮೆಂಟ್ ಹಾಕೋರಿಗೆ ಉತ್ತರ ಕೊಡಲ್ಲ.

ಎರಡು ವಾರದಿಂದ ನಮ್ಮ ಗ್ರೂಪುಗಳಲ್ಲಿ ಒಂದು ಸಣ್ಣಕತೆ ಓಡಾಡ್ತಾ ಇದೆ. ಬರೆದವನು ನಮ್ಮ ಹುಡುಗನೇ, ಡಿಗ್ರಿ ಓದ್ತಾ ಇದ್ದಾನೆ, ಕೈಯಲ್ಲಿ ಭಾಷೆ ಇದೆ. ಹೆಸರು ಹೇಳಲ್ಲ, ಅವನನ್ನು ಎತ್ತಿ ಕೆಡವೋದು ನನ್ನ ಉದ್ದೇಶ ಅಲ್ಲ. ಕತೆಯ ನಾಯಕ ಮ್ಯಾನ್‌ಹೋಲ್‌ಗೆ ಇಳಿಯೋ ಕೆಲಸಗಾರ. ಒಂದು ದಿನ ಗುಂಡಿಯೊಳಗೆ ಪ್ರಜ್ಞೆ ತಪ್ಪಿ ಬೀಳ್ತಾನೆ, ಎದ್ದ ಮೇಲೆ ಅವನ ಮೂಗಿಗೆ ಒಂದು ಅದ್ಭುತ ಶಕ್ತಿ ಬಂದುಬಿಡುತ್ತೆ. ಮುಚ್ಚಳದ ಮೇಲೆ ನಿಂತು ಒಂದು ಸಲ ಉಸಿರು ಎಳೆದರೆ ಒಳಗೆ ಯಾವ ಗ್ಯಾಸ್ ಎಷ್ಟಿದೆ ಅಂತ ಹೇಳ್ತಾನೆ. ಯಾರೂ ಇಳಿಯದ ಕಡೆ ಇಳೀತಾನೆ. ಕೊನೆಗೆ ಗುಂಡಿಗೆ ಬಿದ್ದ ದೊಡ್ಡ ಅಧಿಕಾರಿಯ ಮಗುವನ್ನು ಎತ್ಕೊಂಡು ಬರ್ತಾನೆ, ಊರು ಚಪ್ಪಾಳೆ ತಟ್ಟುತ್ತೆ. ಕತೆ ಕೆಳಗೆ ನೂರಾರು ಕೆಂಪು ಹೃದಯ. "ನಮ್ಮ ಸೂಪರ್ ಹೀರೋ", "ನಮ್ಮವನಿಗೂ ಒಂದು ಪವರ್ ಬಂತು", ಹೀಗೆ.

ನನಗೆ ಆ ಚಪ್ಪಾಳೆ ಕಿವಿಗೆ ಚುಚ್ಚಿತು.

ಮೊದಲು ಗ್ಯಾಸ್ ವಿಷಯ. ಗುಂಡಿಯಲ್ಲಿ ಕೊಲ್ಲೋದು ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅಂತ ಎಲ್ಲರಿಗೂ ಗೊತ್ತು. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಏನು ಅಂದ್ರೆ, ಆ ವಾಸನೆ ಬರೋದು ಗ್ಯಾಸ್ ಕಡಿಮೆ ಇರುವಾಗ. ಹತ್ತು ಲಕ್ಷ ಭಾಗ ಗಾಳಿಗೆ ಸುಮಾರು 100 ಭಾಗ ಆಯ್ತು ಅಂದ್ರೆ ಕೆಲವೇ ನಿಮಿಷದಲ್ಲಿ ಮೂಗೇ ಸತ್ತು ಹೋಗುತ್ತೆ. ವಾಸನೆ ನಿಂತು ಹೋಯ್ತು ಅಂತ ಮನುಷ್ಯ ಅಂದ್ಕೊಳ್ತಾನೆ. ಗ್ಯಾಸ್ ಹೋಗಿರಲ್ಲ, ಹೋಗಿರೋದು ಅವನ ಮೂಗು. ಇನ್ನೂ ಹೆಚ್ಚಾದ್ರೆ ಒಂದೆರಡು ಉಸಿರಿಗೇ ಬೀಳ್ತಾನೆ. ಅವನನ್ನು ಎತ್ತೋಕೆ ಅಂತ ಇಳಿದ ಎರಡನೆಯವನೂ, ಮೂರನೆಯವನೂ ಅಲ್ಲೇ ಬೀಳ್ತಾರೆ. ಪೇಪರಿನಲ್ಲಿ "ಒಂದೇ ಗುಂಡಿಯಲ್ಲಿ ಮೂವರ ಸಾವು" ಅಂತ ಎಷ್ಟು ಸಲ ಓದಿದ್ದೀವಿ? ಅದರ ಹಿಂದೆ ಇರೋದು ಇದೇ.

ಅಂದ್ರೆ ನಮ್ಮ ಹುಡುಗ ತನ್ನ ನಾಯಕನಿಗೆ ಕೊಟ್ಟಿದ್ದು ಆ ಗುಂಡಿ ಮೊದಲು ಕಿತ್ಕೊಳ್ಳೋ ಅಂಗವನ್ನೇ. ಕತೆಯಲ್ಲವಾ, ಕಲ್ಪನೆಯಲ್ಲವಾ ಅಂತೀರಿ. ಸರಿ, ಕಲ್ಪನೆ ಅಂತಲೇ ಇಟ್ಕೊಳ್ಳೋಣ. ಆ ಶಕ್ತಿಯಿಂದ ಯಾರಿಗೆ ಲಾಭ ಆಯ್ತು ನೋಡಿ. ಗುಂಡಿ ಅಲ್ಲೇ ಇದೆ. ಗುತ್ತಿಗೆದಾರ ಅಲ್ಲೇ ಇದ್ದಾನೆ. ಗ್ಯಾಸ್ ಅಳೆಯೋ ಯಂತ್ರ ತರಬೇಕಾದ ಖರ್ಚು ಉಳೀತು, ಯಾಕೆಂದ್ರೆ ಈಗ ಒಂದು ಮೂಗು ಇದೆ. ಸಕ್ಕಿಂಗ್ ಮೆಷಿನ್ ತರಬೇಕಾದ ಖರ್ಚೂ ಉಳೀತು. ನಾಯಕ ಕತೆಯ ಮೊದಲ ಸಾಲಿನಲ್ಲಿ ಗುಂಡಿ ಒಳಗಿದ್ದ, ಕೊನೇ ಸಾಲಿನಲ್ಲೂ ಗುಂಡಿ ಒಳಗೇ ಇದ್ದಾನೆ, ಚಪ್ಪಾಳೆ ಮಾತ್ರ ಹೊಸದು. ಹೀಗೆ ಒಬ್ಬ ಮನುಷ್ಯನನ್ನು ಅವನಿರೋ ಜಾಗದಲ್ಲೇ ಇನ್ನಷ್ಟು ಚೆನ್ನಾಗಿ ಕೂರಿಸೋದನ್ನು ಶಕ್ತಿ ಅಂತ ಕರೆಯೋಕೆ ನನಗೆ ಆಗಲ್ಲ. ಇದು ಹಳೇ ಆಟ. ಬಿಟ್ಟಿ ದುಡಿಯೋನಿಗೆ "ಇವನ ತೋಳು ಕಬ್ಬಿಣ ಕಣ್ರೀ" ಅಂತ ಹೊಗಳಿ ಇನ್ನೊಂದು ಮೂಟೆ ಹೊರಿಸ್ತಾರಲ್ಲ, ಅದು.

ಇದೇ ವಸ್ತುವನ್ನು ಬೇರೆ ಥರ ಮುಟ್ಟಿದವರಿದ್ದಾರೆ. 2014ರ ಮರಾಠಿ ಸಿನಿಮಾ 'ಕೋರ್ಟ್', ಚೈತನ್ಯ ತಮ್ಹಾಣೆ ಅವರದ್ದು. ನೋಡಿಲ್ಲ ಅಂದ್ರೆ ದಯವಿಟ್ಟು ನೋಡಿ. ಒಬ್ಬ ಗುಂಡಿ ಕೆಲಸಗಾರ ಸತ್ತಿರ್ತಾನೆ. ಲೋಕಶಾಹೀರನೊಬ್ಬನ ಹಾಡು ಕೇಳಿ ಅವನು ಆತ್ಮಹತ್ಯೆ ಮಾಡ್ಕೊಂಡ ಅಂತ ಪೊಲೀಸರ ಕೇಸು. ಸತ್ತವನ ಹೆಂಡತಿ ಕಟಕಟೆಗೆ ಬರ್ತಾಳೆ. ಅವಳು ಅಳೋದೂ ಇಲ್ಲ, ಕೂಗೋದೂ ಇಲ್ಲ, ಕೇಳಿದ್ದಕ್ಕೆ ಉತ್ತರ ಕೊಡ್ತಾಳೆ. ಅವನು ಇಳಿಯೋ ಮುಂಚೆ ಒಂದು ಕಲ್ಲು ಎಸೀತಿದ್ದ, ಜಿರಲೆ ಹೊರಗೆ ಬಂದ್ರೆ ಒಳಗೆ ಉಸಿರಾಡೋ ಗಾಳಿ ಇದೆ ಅಂತ ಲೆಕ್ಕ. ಗ್ಯಾಸಿಗೆ ಒಂದು ಕಣ್ಣು ಹೋಗಿತ್ತು. ವಾಸನೆ ತಡೆಯೋಕೆ ಕುಡೀತಿದ್ದ.

ಆ ಜಿರಲೆ ಲೆಕ್ಕ ಇದೆಯಲ್ಲ, ಅದನ್ನು ನಾನು ಶಕ್ತಿ ಅಂತೀನಿ. ಪುಸ್ತಕದಲ್ಲಿಲ್ಲದ ವಿದ್ಯೆ, ಸಾವನ್ನು ಪಕ್ಕದಲ್ಲಿ ಇಟ್ಕೊಂಡು ಕಲಿತದ್ದು. ಕೇಳಿದ ಕೂಡಲೇ ನಂಬ್ತೀವಿ. ಎರಡೇ ಮಾತಲ್ಲಿ ಆ ಮನುಷ್ಯನ ಬುದ್ಧಿಯೂ ಗೊತ್ತಾಗುತ್ತೆ, ಅವನಿಗೆ ಯಂತ್ರ ಕೊಡದವರ ಪಾಪವೂ ಗೊತ್ತಾಗುತ್ತೆ. ನಮ್ಮ ಹುಡುಗನ ಕತೆಯಲ್ಲಿ ಆ ಪಾಪ ತೊಳೆದು ಹೋಗುತ್ತೆ.

ಈಗ ಕಾನೂನು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತು, 2023ರಲ್ಲಿ ಅದನ್ನು 30 ಲಕ್ಷ ಮಾಡ್ತು. 2014ರ ತೀರ್ಪು ಸುಮ್ಮನೆ ಬರಲಿಲ್ಲ. 2003ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಹಾಕಿದ ಅರ್ಜಿ ಅದು, ಹನ್ನೊಂದು ವರ್ಷ ಎಳೀತು. ಅದರ ಹಿಂದೆ ಇದ್ದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, ಅದೇ ಕೆಲಸದ ಮನೆತನದಲ್ಲಿ ಹುಟ್ಟಿದವರು. ಅಲ್ಲಿ ಒಣ ಪಾಯಖಾನೆ ಇಲ್ಲವೇ ಇಲ್ಲ ಅಂತ ಮೇಲಿನವರು ಹೇಳಿದಾಗ ಅವರು ಫೋಟೋ ತೆಗೆದರು, ಪಟ್ಟಿ ಮಾಡಿದರು, ಕಳಿಸಿದರು. ಆಮೇಲೆ ಅದೇ ಕೆಲಸ ದೇಶದ ತುಂಬ. ಎಲ್ಲಿ, ಯಾವ ಬೀದಿ, ಎಷ್ಟು, ಯಾರು ಬಾಚ್ತಾರೆ. ನಾನು ಗುಮಾಸ್ತಿಕೆ ಮಾಡೋ ಜೀವ, ನನಗೆ ರಿಜಿಸ್ಟರ್ ಬೆಲೆ ಗೊತ್ತು. "ಮಾಹಿತಿ ಶೂನ್ಯ" ಅಂತ ಒಂದೇ ಪದ ಬರೆದು ಕಡತ ಮುಚ್ಚೋದು ಎಷ್ಟು ಸುಲಭ ಅಂತಲೂ ಗೊತ್ತು. ಆ ಶೂನ್ಯವನ್ನು ಒಡೆದವನ ಕೈಯಲ್ಲಿದ್ದ ಶಕ್ತಿ ಎಣಿಸೋ ಶಕ್ತಿ. ಅದರ ಮೇಲೆ ಒಬ್ಬರಾದರೂ ಕತೆ ಬರೆದಿದ್ದೀರಾ? ಒಂದು ಗುಂಡಿ ಬಿಡದೆ, ಒಂದು ಸಾವು ಬಿಡದೆ ನೆನಪಿಟ್ಕೊಳ್ಳೋ ಹೆಣ್ಣುಮಗಳೊಬ್ಬಳು, ಅವಳು ಬಾಯಿ ಬಿಟ್ಟರೆ ನಗರಸಭೆಯ ಸಾಹೇಬರಿಗೆ ಬೆವರು. ಇದಕ್ಕೆ ಮಿಂಚು ಹೊಡೀಬೇಕಾಗಿಲ್ಲ, ಪ್ರಜ್ಞೆ ತಪ್ಪಬೇಕಾಗಿಲ್ಲ. ಆದ್ರೆ ಆ ಸಾಹೇಬ ರಾತ್ರಿ ನಿದ್ದೆ ಮಾಡಲ್ಲ.

ಇಲ್ಲಿವರೆಗೆ ಓದಿ ಕೆಲವರಿಗೆ ಖುಷಿ ಆಗಿರಬಹುದು. ಪಕ್ಕದ ಸಾಲಿನಲ್ಲಿ ಕೂತಿರೋ 'ಶುದ್ಧ ಸಾಹಿತ್ಯ'ದ ಗೆಳೆಯರಿಗೆ. "ನೋಡಿ, ನಾವು ಹೇಳಿದ್ದೇ ಇದು, ದಲಿತ ಪಾತ್ರಕ್ಕೆ ಅಸಾಧಾರಣ ಸಾಮರ್ಥ್ಯ ಕೊಟ್ಟರೆ ನಂಬಿಕೆ ಹುಟ್ಟಲ್ಲ, ವಾಸ್ತವಕ್ಕೆ ದೂರ" ಅಂತ. ನಿಲ್ಲಿ ಸ್ವಾಮಿ. ನಿಮ್ಮ ಸರದಿ ಈಗ.

ನಂಬಿಕೆ ಹುಟ್ಟೋದು ಹುಟ್ಟದೇ ಇರೋದು ನಿಮಗೆ ಯಾವಾಗ ನೆನಪಾಗುತ್ತೆ ಅನ್ನೋದು ನನ್ನ ಪ್ರಶ್ನೆ. ಹೀರೋ ಒಂದೇ ಏಟಿಗೆ ಐವತ್ತು ಜನರನ್ನು ಗಾಳಿಯಲ್ಲಿ ಹಾರಿಸ್ತಾನೆ, ಯಾರೂ ಕೇಳಲ್ಲ. ಐದು ವರ್ಷದ ಹುಡುಗ ಹುಟ್ಟುತ್ತಲೇ ಪಂಡಿತ, ಯಾರೂ ಕೇಳಲ್ಲ, ವಂಶದಲ್ಲೇ ಇದೆ ಅಂತೀರಿ. ಕರ್ಣ ಬಿಲ್ಲು ಹಿಡಿದರೆ ಅದಕ್ಕೂ ಕಾರಣ ಇಟ್ಟಿದ್ದಾರೆ: ಸೂತನ ಮನೆಯಲ್ಲಿ ಬೆಳೆದರೂ ಅವನು ಸೂತನಲ್ಲ, ಸೂರ್ಯನ ಮಗ, ಕುಂತಿಯ ಮಗ, ಕವಚ ಕುಂಡಲ ಹುಟ್ಟಿನಿಂದಲೇ ಬಂದದ್ದು. ಸೂತನ ಮಗ ನಿಜವಾಗಿ ಸೂತನ ಮಗನೇ ಆಗಿದ್ದು ಅರ್ಜುನನಿಗೆ ಸಮ ಆಗಿದ್ದರೆ ಕತೆಯೇ ನಡುಗಿಹೋಗ್ತಿತ್ತು. ಏಕಲವ್ಯ ನೋಡಿ. ಹುಟ್ಟಿನ ಕಾರಣ ಇಲ್ಲ, ವರ ಇಲ್ಲ, ಒಂದು ಮಣ್ಣಿನ ಗೊಂಬೆ ಮುಂದೆ ದಿನಾ ಅಭ್ಯಾಸ. ಇಡೀ ಮಹಾಭಾರತದಲ್ಲಿ ಅತ್ಯಂತ ನಂಬೋಕೆ ಆಗೋ ಪ್ರತಿಭೆ ಅವನದ್ದೇ. ಅಭ್ಯಾಸ ಮಾಡಿದ, ಬಂತು, ಅಷ್ಟೇ. ಅದಕ್ಕೇ ಕತೆಯಲ್ಲಿ ಅವನ ಬೆರಳು ಉಳಿಯಲಿಲ್ಲ.

ಇದು ಪುರಾಣ, ಬಿಡಿ ಅಂತೀರಿ. ಹಾಗಾದ್ರೆ 'ಲಗಾನ್' ತಗೊಳ್ಳಿ, 2001. ನಮ್ಮಲ್ಲಿ ಎಷ್ಟೋ ಜನ ಆ ಸಿನಿಮಾ ನೋಡಿ ಅತ್ತಿದ್ದೀವಿ, ಕಚ್ರಾನನ್ನು ಟೀಮಿಗೆ ಸೇರಿಸ್ಕೋತಾರೆ ಅಂತ. ಹೆಸರು ನೋಡಿ ಮೊದಲು: ಕಚ್ರಾ, ಕಸ. ಅವನ ಒಂದು ಕೈ ಊನ. ಚೆಂಡು ಎತ್ತಿ ಕೊಡಪ್ಪಾ ಅಂದ್ರೆ ಎಸೀತಾನೆ, ಸೊಟ್ಟ ಕೈಯಿಂದ ಚೆಂಡು ತಿರುಗಿಬಿಡುತ್ತೆ. ಅವನಿಗೇ ಗೊತ್ತಿಲ್ಲ ಯಾಕೆ ತಿರುಗಿತು ಅಂತ. ಅದನ್ನು ಪ್ರತಿಭೆ ಅಂತ ಗುರುತಿಸೋದು ನಾಯಕ. ಊರು ಮುಟ್ಟಲ್ಲ ಅಂದಾಗ ಭಾಷಣ ಮಾಡೋದು ನಾಯಕ. ಮ್ಯಾಚಿನಲ್ಲಿ ಮೊದಲು ಚೆಂಡು ತಿರುಗಲ್ಲ. ಹೊಸ ಚೆಂಡು ತಿರುಗಲ್ಲ, ಹಳೇದಾಗಬೇಕು ಅಂತ ಅರ್ಥ ಮಾಡ್ಕೊಳ್ಳೋದೂ ನಾಯಕನೇ. ಕಚ್ರಾ ಹ್ಯಾಟ್ರಿಕ್ ತಗೋತಾನೆ, ನಿಜ. ಆದ್ರೆ ಅವನ ತಲೆಗೆ ಸಿನಿಮಾ ಒಂದು ಕೆಲಸವನ್ನೂ ಕೊಡಲಿಲ್ಲ. ಪ್ರತಿಭೆ ಇರೋದು ಸೊಟ್ಟ ಮೂಳೆಯಲ್ಲಿ. ಕೊನೇ ಓವರಿನಲ್ಲಿ ಬ್ಯಾಟು ಸಿಕ್ಕರೂ ಅವನ ಪಾಲಿಗೆ ಬಂದದ್ದು ಒಂದು ರನ್ ಓಡೋದು, ನಾಯಕ ಸಿಕ್ಸರ್ ಹೊಡೆಯಲಿ ಅಂತ.

ಆ ಸಿನಿಮಾದ ಕತೆ ನಡೆಯೋದು 1893ರಲ್ಲಿ. ಸರಿಯಾಗಿ ಆ ಕಾಲಕ್ಕೆ ಪುಣೆಯಲ್ಲಿ ಏನು ನಡೀತಿತ್ತು ಗೊತ್ತಾ? ಪಾಲ್ವಂಕರ್ ಬಾಲೂ ಅಂತ ಒಬ್ಬ ಚಮ್ಮಾರ ಹುಡುಗ ಬಿಳಿಯರ ಕ್ಲಬ್ಬಿನಲ್ಲಿ ಪಿಚ್‌ಗೆ ರೋಲರ್ ಎಳೀತಿದ್ದ, ನೆಟ್ ಕಟ್ತಿದ್ದ. ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಅಪ್ಪ ಸೈನ್ಯದಲ್ಲಿದ್ದವರು. ಬಿಳಿ ದೊರೆಗಳಿಗೆ ಬ್ಯಾಟಿಂಗ್ ಅಭ್ಯಾಸಕ್ಕೆ ಬೌಲ್ ಮಾಡೋಕೆ ಆಳು ಬೇಕಿತ್ತು, ಇವನನ್ನು ಕರೆದರು. ಕ್ಯಾಪ್ಟನ್ ಗ್ರೇಗ್ ಅನ್ನೋ ಒಳ್ಳೇ ಆಟಗಾರ ದಿನಾ ಎಲ್ಲರಿಗಿಂತ ಮುಂಚೆ ಬಂದು ಇವನ ಬೌಲಿಂಗ್ ಆಡ್ತಿದ್ದ. ಪ್ರತಿ ಸಲ ಔಟ್ ಮಾಡಿದಾಗ ಎಂಟಾಣೆ ಕೊಡ್ತಿದ್ದ ಅಂತ ಹೇಳ್ತಾರೆ. ನೂರಾರು ಗಂಟೆ ಎಡಗೈ ಸ್ಪಿನ್. ಯಾವ ಬೆರಳು ಎಲ್ಲಿ, ಯಾವ ಪಿಚ್ ಯಾವಾಗ ಒಡೆಯುತ್ತೆ. ಪಿಚ್‌ಗೆ ರೋಲರ್ ಎಳೆದವನೇ ಅವನಲ್ಲವಾ, ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ! ಅಷ್ಟು ಗಂಟೆಗಳಲ್ಲಿ ಒಂದೇ ಒಂದು ಸಲವೂ ಅವನ ಕೈಗೆ ಬ್ಯಾಟ್ ಕೊಡಲಿಲ್ಲ.

ಆಮೇಲೆ ಪುಣೆಯ ಹಿಂದೂ ತಂಡಕ್ಕೆ ಅವನು ಬೇಕೇಬೇಕಾಯ್ತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡು ಎಲ್ಲರೂ ಮುಟ್ಟಿದರು. ಟೀ ಬಿಡುವಿನಲ್ಲಿ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಲೋಟ. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯ್ತು, ತಂಡ ಸೋತು ಸುಣ್ಣ ಆಯ್ತು, ಬಾಲೂ ಒಬ್ಬನೇ 114 ವಿಕೆಟ್ ತಗೊಂಡ. ನೂರ ಹದಿನಾಲ್ಕು. ನಾಯಕತ್ವ ಮಾತ್ರ ಅವನಿಗೆ ಕೊನೆವರೆಗೂ ಕೊಡಲಿಲ್ಲ. ಅದು ತಮ್ಮ ವಿಠಲನಿಗೆ ಸಿಕ್ಕಿದ್ದು 1923ರಲ್ಲಿ. (ಬಾಲೂ ಮುಂದೆ 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧ ನಿಂತು ಸೋತರು. ಅದು ಬೇರೆ ಕತೆ, ಬೇರೆ ದಿನ ಬಡಿದಾಡೋಣ.)

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಇತಿಹಾಸದಲ್ಲಿ ಒಬ್ಬ ದಲಿತ ಸ್ಪಿನ್ನರ್ ಇದ್ದ, ಸಾವಿರಾರು ಚೆಂಡು ಎಸೆದು ಕಲಿತ, ತಲೆ ಓಡಿಸಿ ಕಲಿತ. ಸಿನಿಮಾ ಅದೇ ಕಾಲಕ್ಕೆ ಒಬ್ಬ ದಲಿತ ಸ್ಪಿನ್ನರನನ್ನು ಹುಟ್ಟಿಸಿತು, ಅವನಿಗೆ ಅಭ್ಯಾಸ ಕೊಡಲಿಲ್ಲ, ಊನ ಕೊಟ್ಟಿತು. ಯಾಕೆ? ಊನದಿಂದ ಬಂದ ಪ್ರತಿಭೆ ಮೇಲಿನವರನ್ನು ಹೆದರಿಸಲ್ಲ, ಅದು ಆಕಸ್ಮಿಕ, ಅದಕ್ಕೆ ಹಕ್ಕು ಕೇಳೋ ಬಾಯಿ ಇರಲ್ಲ. ಅಭ್ಯಾಸದಿಂದ ಬಂದದ್ದು "ನನಗೆ ನಾಯಕತ್ವ ಯಾಕಿಲ್ಲ" ಅಂತ ಕೇಳುತ್ತೆ. ನಂಬಿಕೆ ಹುಟ್ಟಲ್ಲ ಅಂತೀರಲ್ಲ, ನಿಮಗೆ ನಂಬೋಕೆ ಕಷ್ಟ ಆಗಿರೋದು ಸೊಟ್ಟ ಕೈ ಅಲ್ಲ, ನೆಟ್ಟಗಿರೋ ಕೈ.

ಇದನ್ನು ನಾನು ಸಿನಿಮಾದಲ್ಲಿ ಮಾತ್ರ ನೋಡಿಲ್ಲ. ಹಿಂದೆ ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಡಿ ಗ್ರೂಪ್ ನೌಕರರೊಬ್ಬರಿದ್ದರು, ನಮ್ಮವರೇ. ನಾವೆಲ್ಲ ಅಣ್ಣ ಅಂತಿದ್ವಿ. ಓದು ಅಷ್ಟಕ್ಕಷ್ಟೆ. ರೆಕಾರ್ಡ್ ರೂಮಿನಲ್ಲಿ ಕರೆಂಟ್ ಹೋಗಿದ್ದರೂ ಸರಿ, ಇಪ್ಪತ್ತು ವರ್ಷದ ಹಳೇ ಕಡತ ಕೇಳಿ, ಕತ್ತಲಲ್ಲಿ ಕೈ ಹಾಕಿ ತಂದು ಮೇಜಿನ ಮೇಲೆ ಇಡೋರು. ಆಫೀಸಿನಲ್ಲಿ ಏನಂತಿದ್ರು? "ಅವನಿಗೆ ಅದ್ಯಾವುದೋ ದೆವ್ವ ಇದೆ ಕಣ್ರೀ, ಅದು ಹೇಳುತ್ತೆ." ಎಲ್ಲರೂ ನಗೋರು. ಅದೇ ವಿಭಾಗದ ಮೇಲಧಿಕಾರಿಯ ಮಗ ಮಗ್ಗಿ ಒಪ್ಪಿಸಿದರೆ "ರಕ್ತದಲ್ಲೇ ಬಂದಿದೆ" ಅನ್ನೋರು. ಒಂದು ದಿನ ಊಟದ ಹೊತ್ತಿಗೆ ನಾನು ಅಣ್ಣನನ್ನು ಕೂರಿಸ್ಕೊಂಡು ಕೇಳಿದೆ, ಅದು ಹೆಂಗಣ್ಣಾ ಅಂತ. ಅವರು ಹೇಳಿದ್ದು ಇಷ್ಟು. ಕೆಲಸಕ್ಕೆ ಸೇರಿದಾಗಿಂದ ಪ್ರತಿ ಕಡತಕ್ಕೂ ದಾರ ಕಟ್ಟಿದ್ದು ಅವರ ಕೈಯೇ. ಯಾವ ಸಾಹೇಬರ ಕಾಲದಲ್ಲಿ ಎಂಥ ದಾರ ಬರ್ತಿತ್ತು, ಯಾವ ವರ್ಷ ರಟ್ಟು ದಪ್ಪ, ಯಾವ ಮಳೆಗಾಲದಲ್ಲಿ ಯಾವ ಮೂಲೆ ಸೋರಿ ಯಾವ ಕಟ್ಟು ಉಬ್ಬಿಕೊಂಡಿತು, ಎಲ್ಲ ಬೆರಳಿಗೆ ಗೊತ್ತು. ಇಲಿ ಕಡಿದ ಗುರುತು ಕೂಡ. "ಓದೋಕೆ ಬರಲ್ಲ ಅಂತ ಹಿಂಗೆ ಇಟ್ಕೊಂಡೆ ಕಣವ್ವ್ ಅಂತಿದ್ದೆ ನಮ್ಮವ್ವನ ತಾವ" ಅಂದ್ರು.

ಅವರು ನಿವೃತ್ತಿ ಆದ ವಾರವೇ ಕಚೇರಿ ಕುರುಡಾಯ್ತು. ದೆವ್ವ ಅಂದವರೇ ಫೋನ್ ಮಾಡಿ ಕರೆಸಿದರು, ಬಸ್ ಚಾರ್ಜೂ ಕೊಡದೆ. ನಾನು ಕತೆ ಬರೆಯೋ ಜಾತಿ ಅಲ್ಲ, ಬರೆದಿದ್ದರೆ ಆ ಬೆರಳುಗಳ ಬಗ್ಗೆ ಬರೀತಿದ್ದೆ. ಒಂದು ಹೆಜ್ಜೆ ಮುಂದೆ ಹೋಗಿ, ಕಾಗದ ಮುಟ್ಟಿದರೆ ಅದರಲ್ಲಿ ಯಾರ ಜಮೀನು ಯಾರ ಹೆಸರಿಗೆ ಹೋಯ್ತು ಅಂತ ಬೆರಳಿಗೆ ತಿಳಿಯೋ ಹಾಗೆ ಮಾಡ್ತಿದ್ದೆ. ಓದುಗ ಒಪ್ಕೋತಾನೆ. ಯಾಕೆ ಒಪ್ಕೋತಾನೆ? ಮೊದಲ ಒಂಬತ್ತು ಹೆಜ್ಜೆ ನಿಜ ಇದ್ದರೆ ಹತ್ತನೇ ಹೆಜ್ಜೆ ಗಾಳಿಯಲ್ಲಿ ಇಟ್ಟರೂ ಜನ ಜೊತೆಗೆ ಬರ್ತಾರೆ.

ನಾನು ಪವಾಡದ ವಿರೋಧಿ ಅಂತ ಯಾರೂ ಬರೀಬೇಡಿ. ನಮ್ಮ ಕಡೆ ನೀಲಗಾರರು ತಂಬೂರಿ ಹಿಡಿದು ರಾತ್ರಿ ಇಡೀ ಮಂಟೇಸ್ವಾಮಿ, ಸಿದ್ದಪ್ಪಾಜಿ ಕತೆ ಹಾಡೋದನ್ನು ಕೇಳಿ ಬೆಳೆದ ಕಿವಿ ನಂದು. ಪಾಂಚಾಳರ ಮನೆಯಲ್ಲಿ ಹುಟ್ಟಿದ ಕೆಂಪಾಚಾರಿ ಸಿದ್ದಪ್ಪಾಜಿ ಆಗ್ತಾನೆ, ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗ್ತಾನೆ. ಯಾಕೆ ಕಬ್ಬಿಣ? ಬೇರೆ ದೇವರುಗಳಿಗೆ ಬಂಗಾರ ಬೇಕು, ಹೂವು ಬೇಕು. ಇಲ್ಲಿ ಬೇಕಾಗಿರೋದು ಗುಳ, ಕುಡುಗೋಲು ಆಗೋ ಲೋಹ, ಅದು ಯಾರ ಕೈಯಲ್ಲಿತ್ತೋ ಅವರ ಬಾಗಿಲಿಗೇ ಹೋಗಿ ಕೇಳ್ತಾನೆ. ಅವರು ಪರೀಕ್ಷೆ ಮೇಲೆ ಪರೀಕ್ಷೆ ಒಡ್ತಾರೆ, ಅವನು ಬಡವಾಗಿ, ಹಸಿದು, ಅವಮಾನ ನುಂಗಿ ಒಂದೊಂದನ್ನೂ ದಾಟ್ತಾನೆ. ಪವಾಡ ಆಗುತ್ತೆ, ಆದರೆ ಬಿಟ್ಟಿ ಆಗಲ್ಲ. ಅದಕ್ಕೇ ಚಿಕ್ಕಲ್ಲೂರಿನಲ್ಲಿ ಇವತ್ತಿಗೂ ಎಲ್ಲ ಜಾತಿಯ ಜನ ಒಂದೇ ಸಾಲಿನಲ್ಲಿ ಕೂತು ಉಣ್ತಾರೆ. ಆ ಕತೆ ಕಟ್ಟಿದವರಿಗೆ ಯಾವ ಶಾಲೆಯೂ ಹೇಳಿಕೊಟ್ಟಿರಲಿಲ್ಲ, ಪಾತ್ರಕ್ಕೆ ಶಕ್ತಿ ಕೊಡೋದು ಹೆಂಗೆ ಅಂತ.

'ಕಾಂತಾರ' ಬಂತಲ್ಲ 2022ರಲ್ಲಿ, ನಾನೂ ಸಿಳ್ಳೆ ಹೊಡೆದು ಬಂದೆ. ಮನೆಗೆ ಬಂದ ಮೇಲೆ ಒಂದು ವಿಷಯ ಕಾಡಿತು. ಕೊನೆಯಲ್ಲಿ ನಾಯಕನಿಗೆ ಶಕ್ತಿ ಬರೋದು ಗುಳಿಗ ಮೈಮೇಲೆ ಬಂದಾಗ. ತುಳುನಾಡಿನಲ್ಲಿ ಕೋಲ ಕಟ್ಟೋರು ನಲಿಕೆ, ಪಂಬದ, ಪರವ ಸಮುದಾಯದವರು. ರಾತ್ರಿ ಅವರ ಕಾಲಿಗೆ ಬಿದ್ದ ಯಜಮಾನ ಬೆಳಗಾದ ಮೇಲೆ ಅವರನ್ನು ಅಂಗಳದಲ್ಲೇ ನಿಲ್ಲಿಸ್ತಾನೆ ಅಂತ ಅಲ್ಲಿನ ಗೆಳೆಯರೇ ಎಷ್ಟೋ ಸಲ ಬರೆದಿದ್ದಾರೆ. ಮೈಮೇಲೆ ಬಂದು ಹೋಗೋ ಶಕ್ತಿ ನಮ್ಮದಾ, ಬಂದವರದ್ದಾ? ಬಣ್ಣ ತೊಳೆದ ಮೇಲೂ ಕೈಯಲ್ಲಿ ಉಳಿಯೋದು ಏನು? ಸಿನಿಮಾ ಆ ಬೆಳಗಿನ ತನಕ ಬರಲ್ಲ. ಯಾರಾದರೂ ಬೆಳಗಿನ ಕತೆ ಬರೀರಿ.

ತಮಿಳಿನವರು ಈ ವಿಷಯದಲ್ಲಿ ನಮಗಿಂತ ಮುಂದೆ ಇದ್ದಾರೆ, ಒಪ್ಕೊಳ್ಳೋಣ. ಪಾ. ರಂಜಿತ್ ಅವರ 'ಸಾರ್‌ಪಟ್ಟ ಪರಂಪರೈ' 2021. ಕಬಿಲನ್ ಕೂಲಿ ಮಾಡೋನು, ಅಮ್ಮ ಬಾಕ್ಸಿಂಗ್ ಕಡೆ ತಲೆ ಹಾಕಿದರೆ ಬಾರಿಸ್ತಾಳೆ. ಅವನು ವರ್ಷಗಟ್ಟಲೆ ರಂಗನ್ ವಾತ್ಯಾರರ ಆಟಗಾರರನ್ನು ನೋಡಿ ನೋಡಿ ಕಣ್ಣಲ್ಲೇ ಕಲಿತಿರ್ತಾನೆ. ಆ ನಾಟ್ ಬಾಕ್ಸಿಂಗ್ ಗೂಡು ಯಾಕೆ ಅವನಿಗೆ ಮುಚ್ಚಿತ್ತು ಅಂತ ಗೊತ್ತಾದ ಮೇಲೆ, ರಿಂಗಿಗೆ ಇಳಿದು ಮೊದಲ ಏಟು ಹೊಡೆದಾಗ ನಾವು ಕುರ್ಚಿಯಿಂದ ಎದ್ದೇ ಏಳ್ತೀವಿ. ಗೆದ್ದ ಮೇಲೆ ಕುಡಿತಕ್ಕೆ ಬೀಳ್ತಾನೆ, ಮೈ ಊದಿ ಹೋಗುತ್ತೆ, ಮತ್ತೆ ಮೊದಲಿಂದ ಮೈ ಕಟ್ಟಬೇಕು. ಶಕ್ತಿ ಅಂದ್ರೆ ಒಮ್ಮೆ ಬಂದು ಕೂರೋ ಆಸ್ತಿ ಅಲ್ಲ, ಕಳ್ಕೊಳ್ಳಬಹುದು ಅನ್ನೋದು ಗೊತ್ತಿರೋ ನಿರ್ದೇಶಕ.

ಇನ್ನೊಬ್ಬರ ಹೆಸರು ಹೇಳಲೇಬೇಕು. ಆಕ್ಟೇವಿಯಾ ಬಟ್ಲರ್, ಅಮೆರಿಕದ ಕಪ್ಪು ಲೇಖಕಿ, ತಾಯಿ ಬಿಳಿಯರ ಮನೆ ಕೆಲಸದವರು. 1979ರ ಅವರ ಕಾದಂಬರಿ 'ಕಿಂಡ್ರೆಡ್'. ನಾಯಕಿ ಡೇನಾಗೆ ಕಾಲದಲ್ಲಿ ಹಿಂದಕ್ಕೆ ಹೋಗೋ ಶಕ್ತಿ. 1976ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದ್ದವಳು ಗುಲಾಮಗಿರಿ ಕಾಲದ ಮೇರಿಲ್ಯಾಂಡಿಗೆ ಬೀಳ್ತಾಳೆ. ಆದರೆ ಶಕ್ತಿ ಅವಳ ಮಾತು ಕೇಳಲ್ಲ. ಒಬ್ಬ ಬಿಳಿ ಒಡೆಯನ ಮಗನ ಜೀವಕ್ಕೆ ಅಪಾಯ ಬಂದಾಗಲೆಲ್ಲ ಅವನನ್ನು ಉಳಿಸೋಕೆ ಇವಳು ಎಳೆದುಕೊಂಡು ಹೋಗಲ್ಪಡ್ತಾಳೆ. ಅವನು ಇವಳ ಮುತ್ತಜ್ಜಂದಿರ ಸಾಲಿನವನು, ಅವನು ಸತ್ತರೆ ಇವಳೇ ಇಲ್ಲ. ವಾಪಸ್ ಬರೋದು ತನ್ನ ಜೀವ ಹೋಗ್ತಿದೆ ಅನ್ನಿಸಿದಾಗ ಮಾತ್ರ. ಕೊನೆಗೆ ಒಂದು ತೋಳೇ ಅಲ್ಲಿ ಉಳಿದುಹೋಗುತ್ತೆ.

ನಮ್ಮ ಹುಡುಗನ ಕತೆಗೂ ಇದಕ್ಕೂ ಹತ್ತಿರದ ಸಂಬಂಧ ಇದೆ ನೋಡಿ. ಇಲ್ಲೂ ತುಳಿದವನ ಮಗುವನ್ನು ತುಳಿಸಿಕೊಂಡವರು ಉಳಿಸ್ತಾರೆ, ಅಲ್ಲೂ ಅದೇ. ಬಟ್ಲರ್ ಅದನ್ನು ಭಯಂಕರ ಅಂತ ಗೊತ್ತಿದ್ದು ಬರೆದರು. ನಮ್ಮವನು ಅದನ್ನು ಹಬ್ಬ ಮಾಡಿದ. ಗುಂಡಿಯಿಂದ ಮಗು ಎತ್ತಿದ ಆ ನಾಯಕ ರಾತ್ರಿ ಮನೆಗೆ ಹೋಗಿ ತನ್ನ ಮಗುವನ್ನು ಎತ್ಕೊಳ್ಳೋಕೆ ಮುಂಚೆ ಎಷ್ಟು ಸಲ ಸೋಪು ಹಾಕಿದ? ಅಷ್ಟು ಸೂಕ್ಷ್ಮ ಮೂಗು ಇರೋನಿಗೆ ತನ್ನ ಮೈ ವಾಸನೆ ಹೆಂಗೆ ಅನ್ನಿಸುತ್ತೆ? ಅನ್ನದ ವಾಸನೆ? ಪಕ್ಕದಲ್ಲಿ ಕೂತ ಮೇಲ್ವಿಚಾರಕನ ಸೆಂಟು? ಆ ಮೂಗು ಅವನಿಗೆ ದಿನದ ಇಪ್ಪತ್ತನಾಲ್ಕು ಗಂಟೆ ನರಕ ಆಗಬೇಕಿತ್ತಲ್ಲಪ್ಪಾ. ಅಲ್ಲಿಂದ ಬರೀ ತಮ್ಮಾ, ಆ ಶಕ್ತಿಯಿಂದಲೇ ಅವನು ಇನ್ನು ಇಳಿಯಲ್ಲ ಅಂತ ಹೇಳೋ ದಿನ ಬರುತ್ತೆ. ಆಗ ಅದು ನಮ್ಮ ಕತೆ.

ಈಗ ನಮ್ಮ ಮನೆಯ ಮಾತು, ಇದಕ್ಕೆ ಬೈಗುಳ ಬೀಳುತ್ತೆ ಅಂತ ಗೊತ್ತಿದ್ದೇ ಹೇಳ್ತಾ ಇದ್ದೀನಿ. ಏಪ್ರಿಲ್ ಬಂದ್ರೆ ಸಾಕು, ಬಾಬಾಸಾಹೇಬರ ಮೇಲೆ ನಾಟಕ, ರೂಪಕ, ಹಾಡು. ಅದರಲ್ಲಿ ಎಷ್ಟೋ ಕಡೆ ಹುಟ್ಟುತ್ತಲೇ ಬೆಳಕು, ತೊಟ್ಟಿಲಲ್ಲೇ ಜ್ಞಾನ, ಬೆನ್ನ ಹಿಂದೆ ಚಕ್ರ ತಿರುಗುತ್ತೆ. ಯಾರಿಗೆ ಅನುಕೂಲ ಇದು? ಅವತಾರ ಪುರುಷನನ್ನು ಪೂಜೆ ಮಾಡಬಹುದು, ಹಿಂಬಾಲಿಸೋಕೆ ಆಗಲ್ಲ. ರಾಮಜಿಯವರ 14ನೇ ಮಗು ಅದು. ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟು ಹಾಸ್ಕೊಂಡು ಪಕ್ಕಕ್ಕೆ ಕೂತಿದ್ದು, ಜವಾನ ಬರದ ದಿನ ನೀರಿಲ್ಲ. ಸೈನ್ಯದಲ್ಲಿದ್ದ ಅಪ್ಪ ಪಟ್ಟು ಹಿಡಿದು ಓದಿಸಿದರು, ಬರೋಡಾದ ವಿದ್ಯಾರ್ಥಿವೇತನ ಬಂತು, 1913ರಲ್ಲಿ ಕೊಲಂಬಿಯಾ. ಲಂಡನ್ ಓದು ದುಡ್ಡಿಲ್ಲದೆ ಅರ್ಧಕ್ಕೆ ನಿಂತಿತು, 1920ರಲ್ಲಿ ಮತ್ತೆ ಹೋಗಿ ಮುಗಿಸಿದರು. ಲೈಬ್ರರಿ ಬಾಗಿಲು ತೆಗೆಯೋ ಮುಂಚೆ ನಿಂತು, ಮುಚ್ಚೋವಾಗ ಎದ್ದು ಬರೋದು. ಊರಲ್ಲಿ ರಮಾಬಾಯಿ. ಐದು ಮಕ್ಕಳಲ್ಲಿ ನಾಲ್ಕು ಉಳಿಯಲಿಲ್ಲ. ಸಕ್ಕರೆ ಕಾಯಿಲೆ, ಸೋತ ಕಣ್ಣು. ಇಷ್ಟು ಬೆಲೆ ತೆತ್ತು ಕಟ್ಟಿದ ತಲೆಯನ್ನು ನೀವು ಹುಟ್ಟಿನಿಂದ ಬಂತು ಅಂದ್ರೆ, ಹುಟ್ಟಿನಿಂದಲೇ ಎಲ್ಲ ಬರುತ್ತೆ ಅನ್ನೋರ ಮಾತನ್ನೇ ನೀವೂ ಹೇಳಿದಂಗಾಯ್ತು. ಅವರು ಜೀವನ ಪೂರ್ತಿ ಹೊಡೆದಾಡಿದ್ದು ಆ ಒಂದು ಮಾತಿನ ವಿರುದ್ಧ.

ಮೆರಿಟ್ ಅಂತ ಬೊಬ್ಬೆ ಹೊಡೆಯೋರ ತಲೆಯಲ್ಲೂ ಇದೇ ಇರೋದು. ನಮ್ಮ ಮಗು ಮೊದಲ ರ‍್ಯಾಂಕ್ ಬಂದರೆ "ಅಪರೂಪದ ಪ್ರತಿಭೆ, ಕೆಸರಲ್ಲಿ ಕಮಲ" ಅಂತ ಬರೀತಾರೆ ಪೇಪರಿನಲ್ಲಿ. ಕಮಲ ಅಂದಾಗಲೇ ಮಿಕ್ಕವರೆಲ್ಲ ಕೆಸರಾದರು. ಆ ಮಗು ಹಾಸ್ಟೆಲಿನ ಯಾವ ಬಲ್ಬಿನ ಕೆಳಗೆ ಓದಿತು, ವಾರ್ಡನ್ ಎಷ್ಟು ಗಂಟೆಗೆ ಲೈಟ್ ಆರಿಸ್ತಿದ್ದ, ಹಳೇ ನೋಟ್ಸ್ ಯಾವ ಅಕ್ಕ ಕೊಟ್ಟಳು, ಅದನ್ನು ಯಾರೂ ಕೇಳಲ್ಲ. ಕತೆ ಬರೆಯೋ ನೀವಾದರೂ ಕೇಳಬೇಕು.

"ಕಲ್ಪನೆಗೆ ಬೇಲಿ ಹಾಕ್ತೀರಾ" ಅಂತ ಒಬ್ಬರು ನಿನ್ನೆ ಇನ್‌ಬಾಕ್ಸಿನಲ್ಲಿ ಕೇಳಿದ್ದಾರೆ. ಹಾರೋ ಮನುಷ್ಯ ಬೇಕಾ? ಹಾರಿಸಿ. ಕೇರಿಯ ಹುಡುಗಿ ಹಾರಲಿ. ಆದರೆ ಮೊದಲ ಸಲ ಹಾರಿದಾಗ ಮೇಲಿಂದ ಅವಳು ಏನು ನೋಡಿದಳು ಅಂತ ಬರೀರಿ: ಊರಿನ ಬಾವಿ ಎಲ್ಲಿದೆ, ಕೇರಿಯ ನಲ್ಲಿ ಎಷ್ಟು ದೂರ ಇದೆ, ಸ್ಮಶಾನಕ್ಕೆ ದಾರಿ ಯಾರ ಹೊಲದಲ್ಲಿ ನಿಂತುಹೋಗಿದೆ. ಗಾಳಿ ಚಳಿ ಇತ್ತಾ, ಚಪ್ಪಲಿ ಬಿತ್ತಾ, ಯಾರ ಮನೆ ಹಂಚಿನ ಮೇಲೆ ಬಿತ್ತು, ಆಮೇಲೆ ಅದಕ್ಕೆ ಎಷ್ಟು ದಂಡ ಕಟ್ಟಿಸ್ಕೊಂಡರು. ಅಷ್ಟು ಇದ್ದರೆ ಅವಳು ಹಾರಿದ್ದನ್ನು ನಾನಂತೂ ನಂಬ್ತೀನಿ, ನನ್ನ ಹೆಂಡತಿಯೂ ನಂಬ್ತಾಳೆ, ಅವಳನ್ನು ನಂಬಿಸೋದು ಸುಲಭ ಅಲ್ಲ.

ಮುಂದಿನ ತಿಂಗಳ ಎರಡನೇ ಭಾನುವಾರ ನಮ್ಮ ಬಳಗದ ಹುಡುಗ ಹುಡುಗಿಯರ ಕತೆ ಓದು ಇಟ್ಕೊಂಡಿದ್ದೀವಿ. ಮೂಗಿನ ಕತೆ ಬರೆದ ತಮ್ಮನೂ ಬರ್ತಾ ಇದ್ದಾನೆ, ಫೋನ್ ಮಾಡಿ ಮಾತಾಡಿದ್ದೀನಿ, ಅವನು ನನ್ನ ಮೇಲೆ ಸಿಟ್ಟಾಗಿದ್ದಾನೆ, ಸಿಟ್ಟಿನಲ್ಲೇ ಬರಲಿ. ಬರೋರು ಒಂದು ಪಾತ್ರ ತನ್ನಿ, ಶಕ್ತಿ ಯಾವುದು ಬೇಕಾದರೂ ಇರಲಿ. ಯಾರಿಂದ ಕಲಿತದ್ದು, ಏನು ಕಳ್ಕೊಂಡಿದ್ದು, ಯಾರಿಗೆ ಅದರಿಂದ ತೊಂದರೆ, ಮೂರನ್ನೂ ಕೂತು ಕೇಳ್ತೀವಿ. ಬೆಳಿಗ್ಗೆ ಹತ್ತಕ್ಕೆ ಶುರು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಬಾಡು ತಿನ್ನೋರಿಗೆ ಬಾಡು. ಬರೋರು ಕಾಮೆಂಟಿನಲ್ಲಿ ಹೇಳಿ, ಅಕ್ಕಿ ಹಾಕೋಕೆ ಲೆಕ್ಕ ಬೇಕು.

ಜೈ ಭೀಮ್.